ಆಂಟೆನಾ ಟಿ.ವಿ. ಎಲ್ಲಿ ಹೋಯ್ತು? ಅನಲಾಗ್ ನಿಂತ ಮೇಲೆ ಪದೇ ಪದೇ ಕೇಳುವ ಪ್ರಶ್ನೆಗಳು

ದೂರದರ್ಶನದ ಹಳೆಯ ಪ್ರಸಾರ ನಿಂತು ವರ್ಷಗಳೇ ಆದರೂ ಪ್ರಶ್ನೆಗಳು ನಿಂತಿಲ್ಲ. ಕೇಳುವವರ ಮಾತಲ್ಲೇ ಅವನ್ನು ಇಲ್ಲಿ ಇಟ್ಟಿದ್ದೇವೆ. ಸುಲಭದವು ಮೊದಲು, ತಾಂತ್ರಿಕವಾದವು ಆಮೇಲೆ. ನಿಮಗೆ ಬೇಕಾದ ಪ್ರಶ್ನೆಯೊಂದನ್ನೇ ಓದಿದರೂ ಸಾಕು.

## ಮೊದಲು ತಿಳಿಯಬೇಕಾದ್ದು

ಮನೆ ಮೇಲಿನ ಆಂಟೆನಾ ಹಾಗೇ ಇದೆ, ಟಿ.ವಿ.ನೂ ಆನ್ ಆಗುತ್ತೆ, ಆದ್ರೆ ಬರೀ ಚುಕ್ಕೆ. ಯಾವುದು ಕೆಟ್ಟಿದೆ?

ಯಾವುದೂ ಕೆಟ್ಟಿಲ್ಲ. ಆಂಟೆನಾ ಹಿಡಿಯಬೇಕಾದ ಅಲೆಯೇ ಗಾಳಿಯಲ್ಲಿಲ್ಲ. ದೂರದರ್ಶನದ ಗೋಪುರಗಳಿಂದ ಬರುತ್ತಿದ್ದ ಅನಲಾಗ್ ಪ್ರಸಾರವನ್ನು ಮುಚ್ಚಲಾಗಿದೆ. ಆಂಟೆನಾ ತಿರುಗಿಸಿದರೂ, ವೈರ್ ಬದಲಾಯಿಸಿದರೂ, ಬೂಸ್ಟರ್ ಹಾಕಿದರೂ ಪ್ರಯೋಜನವಿಲ್ಲ. ಬೂಸ್ಟರ್ ಇರುವ ಸಿಗ್ನಲನ್ನು ದೊಡ್ಡದು ಮಾಡಬಲ್ಲದು. ಇಲ್ಲದ ಸಿಗ್ನಲನ್ನು ಹುಟ್ಟಿಸಲಾರದು. ರಿಪೇರಿಯವರನ್ನು ಕರೆಸಿ ದುಡ್ಡು ಕೊಡುವ ಮೊದಲು ಇಷ್ಟು ಗೊತ್ತಿರಲಿ.

ಯಾವಾಗ ನಿಲ್ಲಿಸಿದ್ರು? ನಮಗೆ ಯಾರೂ ಹೇಳಲೇ ಇಲ್ಲವಲ್ಲ!

ಒಂದೇ ದಿನ ನಿಲ್ಲಿಸಿದ್ದಲ್ಲ. ಹಲವು ವರ್ಷ ಕಂತು ಕಂತಾಗಿ ಸಣ್ಣ ಟ್ರಾನ್ಸ್‌ಮಿಟರ್‌ಗಳನ್ನು ಮುಚ್ಚುತ್ತಾ ಬಂದರು. ಒಂದು ಕಾಲಕ್ಕೆ ದೇಶದಲ್ಲಿ 1400ರ ಆಸುಪಾಸು ಟ್ರಾನ್ಸ್‌ಮಿಟರ್‌ಗಳಿದ್ದವು. 2021ರ ಅಕ್ಟೋಬರ್ ಹೊತ್ತಿಗೆ ಹೆಚ್ಚುಕಡಿಮೆ 70% ಮುಚ್ಚಿಹೋಗಿದ್ದವು. ಉಳಿದವನ್ನು ಅಕ್ಟೋಬರ್ ಕೊನೆಗೆ 152, ಡಿಸೆಂಬರ್ ಕೊನೆಗೆ 109, 2022ರ ಮಾರ್ಚ್ 31ಕ್ಕೆ 152, ಹೀಗೆ ಮೂರು ಕಂತಿನಲ್ಲಿ ನಿಲ್ಲಿಸುವುದಾಗಿ ದೂರದರ್ಶನವನ್ನು ನಡೆಸುವ ಪ್ರಸಾರ ಭಾರತಿ ಪ್ರಕಟಿಸಿತು. ಆಯಕಟ್ಟಿನ ಜಾಗಗಳ ಸುಮಾರು 50 ಟ್ರಾನ್ಸ್‌ಮಿಟರ್‌ಗಳನ್ನು ಮಾತ್ರ ಉಳಿಸಿಕೊಂಡಿತು.

ಗದ್ದಲ ಆಗದಿರಲು ಕಾರಣ ಸರಳ. ಅಷ್ಟು ಹೊತ್ತಿಗೆ ಬಹುತೇಕ ಮನೆಗಳಲ್ಲಿ ಕೇಬಲ್ಲೋ ಡಿಶ್ಶೋ ಇತ್ತು. ಆಂಟೆನಾ ಕಂಬದ ಮೇಲೇ ಉಳಿದಿತ್ತು, ಆದರೆ ಅದರ ವೈರು ಟಿ.ವಿ.ಯಿಂದ ಯಾವತ್ತೋ ಕಳಚಿತ್ತು.

ನಮ್ಮೂರಲ್ಲಿ 2013ರಲ್ಲೇ ಸೆಟ್‌ಟಾಪ್ ಬಾಕ್ಸ್ ಕಡ್ಡಾಯ ಮಾಡಿದ್ರು. ಅದು ಇದೇ ಅಲ್ವಾ?

ಅಲ್ಲ. ಅದು ಕೇಬಲ್‌ನ ಡಿಜಿಟಲೀಕರಣ, ಗಾಳಿಯಲ್ಲಿ ಬರುವ ಪ್ರಸಾರಕ್ಕೂ ಅದಕ್ಕೂ ಸಂಬಂಧವಿಲ್ಲ. ಅದಕ್ಕೆ ನಾಲ್ಕು ಹಂತಗಳಿದ್ದವು. ಮೊದಲು ದಿಲ್ಲಿ, ಮುಂಬಯಿ, ಕೋಲ್ಕತ್ತಾ, ಚೆನ್ನೈ. ಎರಡನೇ ಹಂತದ 38 ನಗರಗಳಲ್ಲಿ ಬೆಂಗಳೂರು, ಮೈಸೂರು ಸೇರಿದ್ದವು, ಗಡುವು 2013ರ ಮಾರ್ಚ್ 31. ಉಳಿದ ಪಟ್ಟಣ, ಹಳ್ಳಿಗಳು ಆಮೇಲೆ ಬಂದವು. ಕೇಬಲ್ ಬಾಕ್ಸ್ ಕೇಬಲ್ ವೈರಿನಲ್ಲಿ ಬರುವ ಸಿಗ್ನಲನ್ನು ಮಾತ್ರ ಓದುತ್ತದೆ. ಅದಕ್ಕೆ ಆಂಟೆನಾ ವೈರನ್ನೋ ಡಿಶ್ ವೈರನ್ನೋ ಚುಚ್ಚಿದರೆ ಏನೂ ಬರುವುದಿಲ್ಲ.

ಅನಲಾಗ್, ಡಿಜಿಟಲ್ ಅಂದ್ರೆ ನೋಡೋರಿಗೆ ಏನು ವ್ಯತ್ಯಾಸ?

ಅನಲಾಗ್ ನಿಧಾನವಾಗಿ ಹಾಳಾಗುತ್ತದೆ, ಡಿಜಿಟಲ್ ಒಮ್ಮೆಗೇ ಕೈಕೊಡುತ್ತದೆ. ಅನಲಾಗ್‌ನಲ್ಲಿ ಸಿಗ್ನಲ್ ಕಮ್ಮಿಯಾದರೆ ಚುಕ್ಕೆ ಹೆಚ್ಚುತ್ತಿತ್ತು, ಬಣ್ಣ ಹೋಗುತ್ತಿತ್ತು, ಆದರೂ ವಾರ್ತೆ ಓದುವವರ ಮುಖ ಕಾಣುತ್ತಿತ್ತು, ದನಿ ಕೇಳುತ್ತಿತ್ತು. ಪಕ್ಕದ ಕಟ್ಟಡಕ್ಕೋ ಗುಡ್ಡಕ್ಕೋ ಬಡಿದ ಅಲೆ ತಡವಾಗಿ ಬಂದು, ಒಬ್ಬ ಮನುಷ್ಯನ ಪಕ್ಕ ಅವನದೇ ನೆರಳು ನಿಲ್ಲುತ್ತಿತ್ತು. ಡಿಜಿಟಲ್‌ನಲ್ಲಿ ನೆರಳಿಲ್ಲ, ಚುಕ್ಕೆಯಿಲ್ಲ. ಸಿಗ್ನಲ್ ಒಂದು ಮಟ್ಟಕ್ಕಿಂತ ಮೇಲಿದ್ದರೆ ಚಿತ್ರ ಸ್ವಚ್ಛ. ಆ ಮಟ್ಟದ ಅಂಚಿನಲ್ಲಿ ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ, ದನಿ ಕಡಿದು ಕಡಿದು ಬರುತ್ತದೆ. ಅದಕ್ಕೂ ಕೆಳಗೆ ಹೋದರೆ ಕಪ್ಪು ಪರದೆ. ಹಾಗಾಗಿ "ಸ್ವಲ್ಪ ಮಂದವಾದ್ರೂ ಪರವಾಗಿಲ್ಲ, ಬಂದ್ರೆ ಸಾಕು" ಅನ್ನುವ ಆಯ್ಕೆಯೇ ಇಲ್ಲಿಲ್ಲ.

ಲಾಭ ಇನ್ನೊಂದು ಕಡೆ ಇದೆ. ಅನಲಾಗ್‌ನಲ್ಲಿ ಒಂದು ವಾಹಿನಿಗೇ 7 ಅಥವಾ 8 ಮೆಗಾಹರ್ಟ್ಸ್ ಜಾಗ ಬೇಕಿತ್ತು. ಡಿಜಿಟಲ್‌ನಲ್ಲಿ ಅಷ್ಟೇ ಜಾಗದಲ್ಲಿ ಹಲವು ವಾಹಿನಿಗಳು ಕೂರುತ್ತವೆ.

ನಮ್ಮದು ಎಲ್‌ಇಡಿ ಟಿ.ವಿ. ಅಂದ್ರೆ ಡಿಜಿಟಲ್ಲೇ ತಾನೆ?

ಎಲ್‌ಇಡಿ ಅನ್ನುವುದು ಪರದೆಯ ಮಾತು. ಸಿಗ್ನಲ್ ಹಿಡಿಯುವುದು ಒಳಗಿರುವ ಟ್ಯೂನರ್. ಟಿ.ವಿ. ಜೊತೆ ಬಂದ ಪುಸ್ತಕದ ಕೊನೆಯ ಪುಟಗಳಲ್ಲಿ ಟ್ಯೂನರ್ ಸಾಲು ನೋಡಿ. ಡಿವಿಬಿ-ಟಿ2 ಎಂದಿದ್ದರೆ ಗೋಪುರದಿಂದ ಬರುವ ಡಿಜಿಟಲ್ ಪ್ರಸಾರಕ್ಕೆ, ಡಿವಿಬಿ-ಸಿ ಎಂದಿದ್ದರೆ ಕೇಬಲ್‌ಗೆ, ಡಿವಿಬಿ-ಎಸ್2 ಎಂದಿದ್ದರೆ ಡಿಶ್‌ಗೆ. ಬರೀ "ಪಾಲ್" ಎಂದಿದ್ದರೆ ಅನಲಾಗ್ ಮಾತ್ರ. ಡಿಶ್ ವೈರನ್ನು ನೇರ ಟಿ.ವಿ.ಗೇ ಚುಚ್ಚಿ ಉಚಿತ ವಾಹಿನಿ ನೋಡುವಂತಿರಬೇಕು ಎಂದು ಭಾರತೀಯ ಮಾನಕ ಬ್ಯೂರೋ ಐಎಸ್ 18112:2022 ಎಂಬ ಮಾನದಂಡ ತಂದಿದೆ. ಹೊಸ ಟಿ.ವಿ. ಕೊಳ್ಳುವಾಗ ಉಪಗ್ರಹ ಟ್ಯೂನರ್ ಒಳಗೇ ಇದೆಯಾ ಎಂದು ಅಂಗಡಿಯಲ್ಲಿ ಒಂದು ಮಾತು ಕೇಳಿ.

ಹಳೇ ಡಬ್ಬಾ ಟಿ.ವಿ. ಗುಜರಿಗೆ ಹಾಕೋದೇನಾ?

ಬೇಕಿಲ್ಲ. ಹಿಂದೆಯೋ ಮುಂದೆಯೋ ಹಳದಿ, ಬಿಳಿ, ಕೆಂಪು ತೂತುಗಳಿದ್ದರೆ ಫ್ರೀ ಡಿಶ್ (ದೂರದರ್ಶನದ ಉಚಿತ ಡಿಶ್ ಸೇವೆ, ವಿವರ ಮುಂದಿದೆ) ಬಾಕ್ಸಿನ ಎವಿ ವೈರು ಚುಚ್ಚಿ, ರಿಮೋಟಿನಲ್ಲಿ ಎವಿ ಒತ್ತಿದರೆ ಆಯಿತು. ಹಳದಿ ಚಿತ್ರಕ್ಕೆ, ಉಳಿದೆರಡು ದನಿಗೆ. ಟಿ.ವಿ.ಯಲ್ಲಿ ದನಿಗೆ ಒಂದೇ ತೂತಿದ್ದರೆ ಬಿಳಿ ವೈರು ಹಾಕಿ, ಕೆಂಪನ್ನು ಬಿಟ್ಟುಬಿಡಿ. ಎವಿ ತೂತೇ ಇಲ್ಲದ, ಆಂಟೆನಾ ತೂತು ಮಾತ್ರ ಇರುವ ಟಿ.ವಿ.ಗೆ ಬಾಕ್ಸಿಗೂ ಟಿ.ವಿ.ಗೂ ನಡುವೆ ಆರ್‌ಎಫ್ ಮಾಡ್ಯುಲೇಟರ್ ಬೇಕು. ಅದು ಎವಿ ಸಿಗ್ನಲನ್ನು ಮತ್ತೆ ಅನಲಾಗ್ ಚಾನೆಲ್ ಮಾಡಿ ಕೊಡುತ್ತದೆ. ಮಾಡ್ಯುಲೇಟರ್ ಯಾವ ಚಾನೆಲ್‌ನಲ್ಲಿ ಕಳಿಸುತ್ತದೋ ಅದೇ ಚಾನೆಲ್‌ಗೆ ಟಿ.ವಿ.ಯನ್ನು ಟ್ಯೂನ್ ಮಾಡಿ. ಚಿತ್ರ ಬಂದು ದನಿ ಬರದಿದ್ದರೆ ಅದರಲ್ಲಿ ಬಿ/ಜಿ ಎಂಬ ಆಯ್ಕೆ ಇದೆಯೇ ನೋಡಿ, ನಮ್ಮ ದೇಶದ ಟಿ.ವಿ.ಗಳ ದನಿ ಆ ಕ್ರಮದ್ದು.

ಹಳೇ ಆಂಟೆನಾ ಕಂಬ ಹಾಗೇ ಬಿಡಬಹುದಾ?

ಬಿಡದಿರುವುದೇ ಒಳ್ಳೆಯದು. ವರ್ಷಾನುಗಟ್ಟಲೆ ಮಳೆ ತಿಂದ ಜಿ.ಐ. ಪೈಪ್ ಬುಡದಲ್ಲೇ ತುಕ್ಕು ಹಿಡಿದಿರುತ್ತದೆ. ಮೇಲಿಂದ ನೋಡಿದರೆ ಗಟ್ಟಿಯಾಗಿಯೇ ಕಾಣುತ್ತದೆ. ಇಳಿಸುವಾಗ ಇಬ್ಬರಿರಿ. ಮೊದಲು ಬಿಗಿಹಗ್ಗದ ತಂತಿ ಬಿಚ್ಚಬೇಡಿ, ಒಬ್ಬರು ಕಂಬ ಹಿಡಿದ ಮೇಲೇ ಬಿಚ್ಚಿ. ಕಂಬ ವಾಲಿದರೆ ಕರೆಂಟ್ ತಂತಿ ತಾಗುವಷ್ಟು ಹತ್ತಿರವಿದ್ದರೆ ನೀವೇ ಕೈಹಾಕದೆ ಲೈನ್‌ಮನ್‌ಗೆ ಹೇಳಿ ಕರೆಂಟ್ ತೆಗೆಸಿ. ಅಲ್ಯುಮಿನಿಯಂ ಕಡ್ಡಿಗಳಿಗೆ ಗುಜರಿಯಲ್ಲಿ ಬೆಲೆಯಿದೆ. ಪೈಪ್ ಗಟ್ಟಿಯಿದ್ದರೆ ಡಿಶ್ ಕೂರಿಸಲು ಅದರ ಒಂದು ತುಂಡೇ ಸಾಕು.

## ಈಗೇನು ಮಾಡೋದು

ತಿಂಗಳಾ ತಿಂಗಳಾ ದುಡ್ಡು ಕಟ್ಟದೆ ಚಂದನ ನೋಡೋಕೆ ದಾರಿ ಇದೆಯಾ?

ಇದೆ, ಡಿಡಿ ಫ್ರೀ ಡಿಶ್. 2004ರ ಡಿಸೆಂಬರ್‌ನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಎಂಬ ಹೆಸರಿನಲ್ಲಿ 33 ವಾಹಿನಿಗಳೊಂದಿಗೆ ಶುರುವಾಯಿತು. ಈಗ ಜಿಸ್ಯಾಟ್-15 ಉಪಗ್ರಹದಿಂದ ಬರುತ್ತದೆ. ಮಾಸಿಕ ಶುಲ್ಕ, ರೀಚಾರ್ಜ್ ಯಾವುದೂ ಇಲ್ಲ. ಒಮ್ಮೆ ಸಾಮಾನು ಕೊಳ್ಳಬೇಕು, ಒಟ್ಟು ಸುಮಾರು 2,000 ರೂಪಾಯಿ ಆಸುಪಾಸು.

ಬೇಕಾದ್ದು ಇಷ್ಟು: 60 ಸೆಂ.ಮೀ. ಡಿಶ್, 9750/10600 ಎಂದು ಬರೆದಿರುವ ಯೂನಿವರ್ಸಲ್ ಎಲ್‌ಎನ್‌ಬಿ (ತಟ್ಟೆಯ ಎದುರು ಕೂತು ಸಿಗ್ನಲ್ ಹಿಡಿಯುವ ಭಾಗ), ಆರ್‌ಜಿ-6 ವೈರು, ಅದರ ತುದಿಗಳಿಗೆ ಹಾಕುವ ಎರಡು ಎಫ್ ಕನೆಕ್ಟರ್, ಎಂಪೆಗ್-4 ಬಾಕ್ಸ್. ಬಾಕ್ಸ್ ಎಂಪೆಗ್-4 (ಡಿಜಿಟಲ್ ಚಿತ್ರವನ್ನು ಕುಗ್ಗಿಸಿ ಕಳಿಸುವ ಹೊಸ ಕ್ರಮ) ಇರಲೇಬೇಕು. ಹಳೆಯ ಎಂಪೆಗ್-2 ಬಾಕ್ಸ್ ಅಗ್ಗಕ್ಕೆ ಸಿಕ್ಕರೂ ಅದರಲ್ಲಿ ಎಲ್ಲ ವಾಹಿನಿಗಳೂ ಕಾಣುವುದಿಲ್ಲ.

ಒಂದು ಮಾತು ಮೊದಲೇ ಹೇಳಿಬಿಡುವುದು ಒಳ್ಳೆಯದು. ಫ್ರೀ ಡಿಶ್‌ನ ಖಾಸಗಿ ವಾಹಿನಿಗಳಲ್ಲಿ ಬಹುಪಾಲು ಹಿಂದಿಯವು, ಹರಾಜಿನಲ್ಲಿ ಜಾಗ ಕೊಂಡು ಬಂದವು. ಕನ್ನಡ ಧಾರಾವಾಹಿಗಾಗಿ ಡಿಶ್ ಹಾಕಿಸಿದರೆ ಮನೆಯವರ ಬೈಗುಳ ತಪ್ಪಿದ್ದಲ್ಲ. ಚಂದನ, ವಾರ್ತೆ, ಹಳೆ ಸಿನಿಮಾ, ಆಟ ಇಷ್ಟು ಸಾಕೆನ್ನುವವರಿಗೆ ಇದಕ್ಕಿಂತ ಅಗ್ಗದ್ದು ಇಲ್ಲ.

ದುಡ್ಡು ಕಟ್ಟೋದು ನಿಲ್ಲಿಸಿದ ಡಿಟಿಎಚ್ ಡಿಶ್ ಹಾಗೇ ಬಿದ್ದಿದೆ. ಅದನ್ನೇ ಬಳಸಬಹುದಾ?

ಡಿಶ್ ತಟ್ಟೆ, ಕಾಲು, ವೈರು ಎಲ್ಲವೂ ನಡೆಯುತ್ತವೆ. ಎಲ್‌ಎನ್‌ಬಿ ಮೇಲೆ 9750/10600 ಎಂದಿದ್ದರೆ ಅದೂ ನಡೆಯುತ್ತದೆ. ಆ ಕಂಪನಿಯ ಉಪಗ್ರಹ ಬೇರೆ ಜಾಗದಲ್ಲಿದ್ದರೆ ದಿಕ್ಕನ್ನು ಹೊಸದಾಗಿ ಹೊಂದಿಸಬೇಕಾಗುತ್ತದೆ. ಬಾಕ್ಸ್ ಮಾತ್ರ ಸಾಮಾನ್ಯವಾಗಿ ಕೆಲಸಕ್ಕೆ ಬಾರದು, ಅದು ತನ್ನ ಕಂಪನಿಯ ಕಾರ್ಡಿಗೆ ಕಟ್ಟುಬಿದ್ದಿರುತ್ತದೆ. ಬಾಕ್ಸ್ ಬಾಡಿಗೆಯದ್ದಾಗಿದ್ದರೆ ವಾಪಸ್ ಕೊಡುವುದನ್ನು ಮರೆಯಬೇಡಿ.

ಡಿಶ್ ನಾವೇ ಕೂರಿಸಬಹುದಾ? ಯಾವ ದಿಕ್ಕಿಗೆ, ಎಷ್ಟು ಮೇಲಕ್ಕೆ?

ಖಂಡಿತ ಕೂರಿಸಬಹುದು, ತಾಳ್ಮೆ ಬೇಕು ಅಷ್ಟೆ. ಜಿಸ್ಯಾಟ್-15 ಪೂರ್ವ ರೇಖಾಂಶ 93.5 ಡಿಗ್ರಿಯಲ್ಲಿದೆ, ಕರ್ನಾಟಕದಿಂದ ನೋಡಿದರೆ ಆಗ್ನೇಯಕ್ಕೆ. ದಿಕ್ಸೂಚಿಯ ಲೆಕ್ಕ ಹೀಗೆ, ಉತ್ತರ ಸೊನ್ನೆ, ಪೂರ್ವ 90:

ಬೆಂಗಳೂರು: ದಿಕ್ಕು 128 ಡಿಗ್ರಿ, ಎತ್ತರ 66
ಮೈಸೂರು: ದಿಕ್ಕು 125, ಎತ್ತರ 66
ಮಂಗಳೂರು: ದಿಕ್ಕು 123, ಎತ್ತರ 64
ಹುಬ್ಬಳ್ಳಿ: ದಿಕ್ಕು 129, ಎತ್ತರ 62
ಕಲಬುರಗಿ: ದಿಕ್ಕು 135, ಎತ್ತರ 62
ಬೀದರ್: ದಿಕ್ಕು 137, ಎತ್ತರ 62

ಮೊದಲು ಆ ದಿಕ್ಕಿನಲ್ಲಿ ಆಕಾಶ ಬಯಲಾಗಿದೆಯಾ ನೋಡಿ. ಉಪಗ್ರಹ ಸಾಕಷ್ಟು ಮೇಲಿರುವುದರಿಂದ ಲೆಕ್ಕ ಸುಲಭ. ಎದುರಿಗಿರುವ ಮರವೋ ಗೋಡೆಯೋ ಡಿಶ್‌ಗಿಂತ ಎಷ್ಟು ಎತ್ತರವಿದೆಯೋ, ಕಡೇಪಕ್ಷ ಅದರ ಅರ್ಧಕ್ಕಿಂತ ತುಸು ಹೆಚ್ಚು ದೂರದಲ್ಲಿರಬೇಕು. ಡಿಶ್‌ಗಿಂತ 20 ಅಡಿ ಎತ್ತರದ ತೆಂಗಿನಮರ 12 ಅಡಿ ಆಚೆಗಿದ್ದರೆ ತೊಂದರೆಯಿಲ್ಲ, ಗರಿಗಳ ಹರವನ್ನು ಮಾತ್ರ ಬೇರೆಯಾಗಿ ಲೆಕ್ಕ ಹಾಕಿ.

ಆಮೇಲೆ ಕಂಬ. ತೂಗುಬೊಟ್ಟೋ ಮಟ್ಟಗೋಲೋ ಹಿಡಿದು ಅದು ನೆಟ್ಟಗಿದೆಯೆಂದು ಖಾತ್ರಿ ಮಾಡಿಕೊಳ್ಳಿ. ಕಂಬ ಓರೆಯಾದರೆ ಬ್ರಾಕೆಟ್ ಮೇಲಿನ ಗೀಟುಗಳ ಲೆಕ್ಕವೆಲ್ಲ ಸುಳ್ಳು. ಬ್ರಾಕೆಟನ್ನು ನಿಮ್ಮೂರಿನ ಎತ್ತರದ ಗೀಟಿಗೆ ಇಟ್ಟು ಅರೆಬಿಗಿ ಮಾಡಿ. ಹಾಗಿಟ್ಟಾಗ ತಟ್ಟೆ ನೀವು ಎಣಿಸಿದಷ್ಟು ಮೇಲಕ್ಕೆ ನೋಡುತ್ತಿಲ್ಲ ಅನ್ನಿಸುತ್ತದೆ. ಅದು ಸರಿಯಾಗಿಯೇ ಇದೆ, ಈ ಡಿಶ್‌ಗಳ ತಟ್ಟೆಯೇ ಹಾಗೆ. ನೋಡುವ ದಿಕ್ಕಿಗಿಂತ ಇಪ್ಪತ್ತು-ಇಪ್ಪತ್ತೈದು ಡಿಗ್ರಿ ಕೆಳಗೆ ಬಾಗಿರುತ್ತದೆ. "ಇನ್ನೂ ಸ್ವಲ್ಪ ಎತ್ತೋಣ" ಎಂದು ಎತ್ತಿದವರು ಅರ್ಧ ದಿನ ಕಳೆಯುತ್ತಾರೆ.

ಮೊಬೈಲ್ ದಿಕ್ಸೂಚಿ ಸಾಕು. ಆದರೆ ಅದನ್ನು ಡಿಶ್ ಪಕ್ಕ, ಕಬ್ಬಿಣದ ಗ್ರಿಲ್ ಪಕ್ಕ, ಕಾಂಕ್ರೀಟ್ ಕಂಬಿ ಎದ್ದ ಪಿಲ್ಲರ್ ಪಕ್ಕ ಹಿಡಿಯಬೇಡಿ. ನಾಲ್ಕೈದು ಹೆಜ್ಜೆ ದೂರ ನಿಂತು ದಿಕ್ಕು ನೋಡಿ, ಆ ದಿಕ್ಕಿನಲ್ಲಿ ಒಂದು ಗುರುತು ಹಿಡಿದುಕೊಳ್ಳಿ.

ಇನ್ನು ಹುಡುಕಾಟ. ಬಾಕ್ಸಿನ ಮೆನುವಿನಲ್ಲಿ ಎಲ್‌ಎನ್‌ಬಿ 9750/10600, ತರಂಗಾಂತರ 11090, ಧ್ರುವೀಕರಣ ಲಂಬ, ಸಿಂಬಲ್ ರೇಟ್ 29500 ಇಟ್ಟು ಸಿಗ್ನಲ್ ಪಟ್ಟಿಯ ಪುಟ ತೆರೆದಿಡಿ. ಡಿಶ್ಶನ್ನು ನಿಧಾನವಾಗಿ ಪೂರ್ವದಿಂದ ದಕ್ಷಿಣಕ್ಕೆ ತಿರುಗಿಸಿ. 60 ಸೆಂ.ಮೀ. ಡಿಶ್‌ನ ನೋಟ ಬರೀ 3 ಡಿಗ್ರಿ ಅಗಲ. ತಟ್ಟೆಯ ಅಂಚು ಒಂದು ಸೆಂಟಿಮೀಟರ್ ಸರಿದರೆ 2 ಡಿಗ್ರಿ ಹೋಯಿತು. ಅದೂ ಅಲ್ಲದೆ ಬಾಕ್ಸಿಗೆ ಸಿಗ್ನಲ್ ಗುರುತು ಹಿಡಿಯಲು ಎರಡು-ಮೂರು ಸೆಕೆಂಡ್ ಬೇಕು. ಆಂಟೆನಾ ಕಾಲದ ಚಾಳಿ ಕೈಕೊಡುವುದು ಇಲ್ಲೇ. ಮೇಲೊಬ್ಬ ತಿರುಗಿಸುತ್ತಾ "ಬಂತಾ?" ಅನ್ನುವುದು, ಕೆಳಗಿನವರು "ಬಂತು, ಬಂತು... ಅಯ್ಯೋ ಹೋಯ್ತು!" ಅನ್ನುವುದು ಅನಲಾಗ್‌ಗೆ ಸರಿ. ಇಲ್ಲಿ ಕೆಳಗಿನಿಂದ ಕೂಗು ಬರುವಷ್ಟರಲ್ಲಿ ಡಿಶ್ ಉಪಗ್ರಹವನ್ನು ದಾಟಿರುತ್ತದೆ. ಬೆರಳಗಲದಲ್ಲೂ ಕಾಲುಭಾಗ ಸರಿಸಿ, ಕೈ ಬಿಟ್ಟು, ಮೂರು ಎಣಿಸಿ. ಒಂದು ಸುತ್ತು ಸಿಗದಿದ್ದರೆ ಎತ್ತರವನ್ನು ಒಂದು ಡಿಗ್ರಿ ಬದಲಿಸಿ ಮತ್ತೆ ಸುತ್ತಿ.

ಸಿಕ್ಕ ಮೇಲೆ ಎಲ್‌ಎನ್‌ಬಿಯನ್ನು ಅದರ ಹಿಡಿಕೆಯಲ್ಲೇ ಎಡಕ್ಕೂ ಬಲಕ್ಕೂ ಹೊರಳಿಸಿ ನೋಡಿ. ಅಲೆ ನಮ್ಮ ನೆಲಕ್ಕೆ ಓರೆಯಾಗಿ ಬರುವುದರಿಂದ ಎಲ್‌ಎನ್‌ಬಿ ನೆಟ್ಟಗಿದ್ದರೆ ಪೂರ್ತಿ ಸಿಗ್ನಲ್ ಸಿಗುವುದಿಲ್ಲ. ಅಂಕಿ ಅತಿ ಹೆಚ್ಚಾದ ಕಡೆ ಬಿಗಿ ಮಾಡಿ. ಬೋಲ್ಟುಗಳನ್ನು ಒಂದಾದ ಮೇಲೊಂದು ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಒಂದನ್ನೇ ಪೂರ್ತಿ ಬಿಗಿದರೆ ತಟ್ಟೆ ಎಳೆದುಕೊಂಡು ಸಿಗ್ನಲ್ ಹೋಗುತ್ತದೆ.

ಸ್ಟ್ರೆಂತ್ 80 ತೋರಿಸ್ತಾ ಐತ್ರಿ, ಆದ್ರೂ 'ನೋ ಸಿಗ್ನಲ್' ಅಂತದ. ಯಾಕ್ರಿ?

ಸ್ಟ್ರೆಂತ್ ಪಟ್ಟಿಯನ್ನು ನಂಬಬೇಡಿ. ಎಲ್‌ಎನ್‌ಬಿಗೆ ಕರೆಂಟ್ ಹೋಗುತ್ತಿದ್ದರೆ ಸಾಕು, ಡಿಶ್ ಗೋಡೆ ನೋಡುತ್ತಿದ್ದರೂ ಅದು ಏರಿರುತ್ತದೆ. ನೋಡಬೇಕಾದ್ದು ಕ್ವಾಲಿಟಿ ಪಟ್ಟಿ. ಅದು ಸೊನ್ನೆಯಾಗಿದ್ದರೆ ಡಿಶ್ ಉಪಗ್ರಹಕ್ಕೆ ತಾಗಿಲ್ಲ, ಇಲ್ಲವೇ ಬೇರೊಂದು ಉಪಗ್ರಹಕ್ಕೆ ತಾಗಿದೆ. ಸ್ಟ್ರೆಂತ್ ಕೂಡ ಸೊನ್ನೆಯಾದರೆ ತಪ್ಪು ವೈರಿನದ್ದು. ಹೆಚ್ಚಿನ ಸಲ ಎಫ್ ಕನೆಕ್ಟರ್ ಒಳಗೆ ಹೊರ ಜಾಲರಿಯ ಒಂದು ಎಳೆ ನಡುತಂತಿಗೆ ತಾಗಿರುತ್ತದೆ. ಆ ವೈರಿನಲ್ಲಿ ಬಾಕ್ಸಿನಿಂದ ಮೇಲಕ್ಕೆ 13 ಅಥವಾ 18 ವೋಲ್ಟ್ ಹೋಗುತ್ತದೆ. ಹಾಗಾಗಿ ಕನೆಕ್ಟರ್ ಬಿಚ್ಚುವ ಮೊದಲು ಬಾಕ್ಸಿನ ಪ್ಲಗ್ ಕಿತ್ತುಬಿಡಿ. ಶಾರ್ಟ್ ಆದರೆ ಬಾಕ್ಸಿನ ಎಲ್‌ಎನ್‌ಬಿ ಭಾಗ ಸುಟ್ಟೀತು.

ಜೋರು ಮಳೆ ಬಂದ್ರೆ ಹೋಗಿಯೇ ಬಿಡ್ತದೆ ಮಾರಾಯ್ರೆ. ಆಂಟೆನಾ ಇದ್ದಾಗ ಹೀಗಿರಲಿಲ್ಲ.

ನಿಜ. ಹಳೆಯ ಪ್ರಸಾರದ ಅಲೆ ಮೀಟರುಗಟ್ಟಲೆ ಉದ್ದ, ಮಳೆಹನಿ ಅದಕ್ಕೆ ಲೆಕ್ಕಕ್ಕಿಲ್ಲ. ಡಿಶ್‌ನ ಅಲೆ ಮೂರು ಸೆಂಟಿಮೀಟರಿಗೂ ಕಮ್ಮಿ, ದಪ್ಪ ಮಳೆ ಅದನ್ನು ಹೀರಿಕೊಳ್ಳುತ್ತದೆ. ಕರಾವಳಿ, ಮಲೆನಾಡಿನಲ್ಲಿ 75 ಅಥವಾ 90 ಸೆಂ.ಮೀ. ಡಿಶ್ ಹಾಕಿದರೆ ನಷ್ಟ ತಾಳಿಕೊಳ್ಳುವ ಶಕ್ತಿ ಹೆಚ್ಚುತ್ತದೆ, ಆಟಿ ತಿಂಗಳ ಮಳೆಗೆ ಪೂರ್ತಿ ಪರಿಹಾರ ಮಾತ್ರ ಇಲ್ಲ. ಮಳೆ ನಿಂತು ಗಂಟೆಯಾದರೂ ಸಿಗ್ನಲ್ ಬರದಿದ್ದರೆ ಅದು ಮಳೆಯ ತಪ್ಪಲ್ಲ, ಕನೆಕ್ಟರಿಗೆ ನೀರಿಳಿದಿದೆ. ಬಿಚ್ಚಿ ನೋಡಿದರೆ ನಡುತಂತಿ ಹಸಿರುಗಟ್ಟಿರುತ್ತದೆ. ಅಷ್ಟು ತುದಿ ಕತ್ತರಿಸಿ ಹೊಸ ಕನೆಕ್ಟರ್ ಹಾಕಿ, ರಬ್ಬರ್ ಟೇಪ್ ಸುತ್ತಿ. ವೈರು ಮನೆಯೊಳಗೆ ನುಗ್ಗುವ ಮುಂಚೆ ಯು ಆಕಾರದಲ್ಲಿ ಕೆಳಗೆ ಇಳಿಬಿಡಿ, ನೀರು ಅಲ್ಲೇ ತೊಟ್ಟಿಕ್ಕುತ್ತದೆ.

ಒಂದು ಡಿಶ್‌ಗೆ ಎರಡು ಟಿ.ವಿ. ಹಾಕಬಹುದಾ?

ಎರಡು ಬಾಕ್ಸ್ ಬೇಕು, ಎರಡು ತೂತಿನ ಎಲ್‌ಎನ್‌ಬಿ ಬೇಕು, ಪ್ರತಿ ಬಾಕ್ಸಿಗೂ ಬೇರೆ ವೈರು ಎಳೆಯಬೇಕು. ಕೇಬಲ್ ಟಿ.ವಿ.ಯ ಸಾದಾ ಸ್ಪ್ಲಿಟರ್ ಇಲ್ಲಿ ಹಾಕಬೇಡಿ.

ಮ್ಯಾಚ್ ಡಿಡಿ ಸ್ಪೋರ್ಟ್ಸ್‌ನಲ್ಲಿ ಇದೆ ಅಂತಾರೆ. ಪಕ್ಕದ ಮನೆ ಫ್ರೀ ಡಿಶ್‌ನಲ್ಲಿ ಬರ್ತಿದೆ, ನಮ್ಮ ಕೇಬಲ್‌ನಲ್ಲಿ ಬೇರೆ ಏನೋ ಬರ್ತಿದೆ!

ಕೇಬಲ್‌ನವರ ತಪ್ಪಲ್ಲ, ಕಾನೂನೇ ಹಾಗಿದೆ. ರಾಷ್ಟ್ರೀಯ ಮಹತ್ವದ ಪಂದ್ಯಗಳ ಪ್ರಸಾರವನ್ನು ಹಕ್ಕು ಪಡೆದ ವಾಹಿನಿ ಪ್ರಸಾರ ಭಾರತಿಯೊಂದಿಗೆ ಹಂಚಿಕೊಳ್ಳಬೇಕು ಎಂದು 2007ರ ಕಾಯ್ದೆ ಹೇಳುತ್ತದೆ. ಹಾಗೆ ಹಂಚಿಕೊಂಡದ್ದು ದೂರದರ್ಶನದ ಗೋಪುರ ಪ್ರಸಾರಕ್ಕೂ ಅದರದ್ದೇ ಡಿಶ್ ಸೇವೆಗೂ ಮಾತ್ರ, ಖಾಸಗಿ ಕೇಬಲ್‌ಗೂ ಡಿಟಿಎಚ್‌ಗೂ ಅಲ್ಲ ಎಂದು ಸುಪ್ರೀಂ ಕೋರ್ಟ್ 2017ರ ಆಗಸ್ಟ್‌ನಲ್ಲಿ ತೀರ್ಪಿತ್ತಿತು. ಗೋಪುರಗಳು ಮುಚ್ಚಿದ ಮೇಲೆ ಹೆಚ್ಚಿನ ಊರುಗಳಲ್ಲಿ ಇದರ ಪ್ರಯೋಜನ ಉಳಿದದ್ದು ಫ್ರೀ ಡಿಶ್‌ಗೆ. ಕ್ರಿಕೆಟ್ ಹುಚ್ಚಿನ ಮನೆಗಳಲ್ಲಿ ಕೇಬಲ್ ಇದ್ದೂ ತಾರಸಿಯಲ್ಲಿ ಸಣ್ಣದೊಂದು ಡಿಶ್ ಕೂತಿರುವುದು ಇದೇ ಕಾರಣಕ್ಕೆ.

## ಗೋಪುರದಿಂದಲೇ ಬರುವ ಡಿಜಿಟಲ್

ಬೆಂಗಳೂರಲ್ಲಿ ಆಂಟೆನಾದಲ್ಲೇ ಡಿಜಿಟಲ್ ಬರುತ್ತಂತೆ, ಹೌದಾ? ನಮ್ಮ ದಾವಣಗೆರೆಗೆ ಯಾಕಿಲ್ಲ?

2016ರ ಫೆಬ್ರವರಿಯಲ್ಲಿ ದೂರದರ್ಶನ 16 ನಗರಗಳಲ್ಲಿ ಡಿವಿಬಿ-ಟಿ2 ಪ್ರಸಾರ ಶುರುಮಾಡಿತು. ಕರ್ನಾಟಕದಿಂದ ಆ ಪಟ್ಟಿಯಲ್ಲಿದ್ದದ್ದು ಬೆಂಗಳೂರು ಒಂದೇ. ಮೊಬೈಲ್‌ಗೆ ಚುಚ್ಚುವ ಡಾಂಗಲ್‌ನಲ್ಲಿ, ಟಿ2 ಟ್ಯೂನರ್ ಇರುವ ಟಿ.ವಿ.ಯಲ್ಲಿ ಐದು ದೂರದರ್ಶನ ವಾಹಿನಿ ನೋಡಬಹುದು ಎಂದಿತ್ತು. ಜನ ಮುಗಿಬೀಳಲಿಲ್ಲ. ಮೊಬೈಲ್ ಡೇಟಾ ಅಗ್ಗವಾದದ್ದೂ ಅದೇ ವರ್ಷ.

ಬೆಂಗಳೂರಿನವರು ಪ್ರಯತ್ನಿಸುವುದಾದರೆ ಬಾಕ್ಸ್ ಕೊಳ್ಳುವ ಮೊದಲು ಟಿ2 ಇರುವ ಟಿ.ವಿ.ಯೊಂದರಲ್ಲಿ ಪುಕ್ಕಟೆ ಪರೀಕ್ಷೆ ಮಾಡಿ. ಮೆನುವಿನಲ್ಲಿ "ಏರ್" ಅಥವಾ "ಆಂಟೆನಾ" ಆರಿಸಿ, ಡಿಟಿವಿ ಸ್ಕ್ಯಾನ್ ಒತ್ತಿ. ಎಟಿವಿ ಒತ್ತಿದರೆ ಅದು ಹಳೆಯ ಅನಲಾಗ್ ಹುಡುಕಾಟ, ಏನೂ ಸಿಗದು. ದೇಶದ ಪಟ್ಟಿಯಲ್ಲಿ ಭಾರತ ಇಲ್ಲದಿದ್ದರೆ ಬ್ರಿಟನ್ನೋ ಜರ್ಮನಿಯೋ ಆರಿಸಿ, ಅಲ್ಲಿಯ ಯುಎಚ್‌ಎಫ್ (ಡಿಜಿಟಲ್ ಪ್ರಸಾರ ಬರುವ ತರಂಗಾಂತರ ಪಟ್ಟಿ) ಚಾನೆಲ್ ಅಗಲವೂ ನಮ್ಮಂತೆ 8 ಮೆಗಾಹರ್ಟ್ಸ್. ಏನಾದರೂ ಸಿಕ್ಕರೆ ಮಾತ್ರ ಖರ್ಚಿಗೆ ಕೈಹಾಕಿ.

ಅಂಗಡಿಯವರು 'ಡಿಜಿಟಲ್ ಆಂಟೆನಾ' ತಗೊಳ್ಳಿ ಅಂತಾರೆ. ಹಳೇದು ಸಾಲದಾ?

ಡಿಜಿಟಲ್ ಆಂಟೆನಾ ಅನ್ನುವುದೊಂದು ಇಲ್ಲ. ಕಡ್ಡಿಗೆ ಗೊತ್ತಾಗುವುದು ಅಲೆಯ ಉದ್ದ ಮಾತ್ರ, ಅದರೊಳಗೆ ಏನು ತುಂಬಿದೆ ಎನ್ನುವುದು ಗೊತ್ತಾಗುವುದಿಲ್ಲ. ಹಾಗೆಂದು ಹಳೆಯದು ಸಾಕೆಂದೂ ಹೇಳಲಾಗದು, ಕಾರಣ ಅಳತೆ. ಹಿಡಿಯುವ ಕಡ್ಡಿ ಅಲೆಯ ಅರ್ಧದಷ್ಟು ಉದ್ದ ಇರಬೇಕು. 4ನೇ ಚಾನೆಲ್‌ನ 62 ಮೆಗಾಹರ್ಟ್ಸ್‌ಗೆ ಅದು 2.4 ಮೀಟರ್. 5ರಿಂದ 12ನೇ ಚಾನೆಲ್‌ಗಳಿಗೆ 65ರಿಂದ 86 ಸೆಂ.ಮೀ. ಮನೆಗಳ ಮೇಲೆ ಹೆಚ್ಚಾಗಿ ಕಾಣುತ್ತಿದ್ದದ್ದು ಇಂಥವೇ. ಡಿಜಿಟಲ್ ಪ್ರಸಾರದ ಯುಎಚ್‌ಎಫ್ ಪಟ್ಟಿಯಲ್ಲಿ 500 ಮೆಗಾಹರ್ಟ್ಸ್‌ಗೆ ಬರೀ 30 ಸೆಂ.ಮೀ., ಶಾಲೆಯ ಸ್ಕೇಲ್‌ನಷ್ಟು. ಹಾಗಾಗಿ ಕೈ ಉದ್ದದ ಕಡ್ಡಿಗಳ ಹಳೆ ಆಂಟೆನಾ ಇದಕ್ಕೆ ಸರಿಹೋಗದು, ಗಿಡ್ಡ ಕಡ್ಡಿಗಳ ಯುಎಚ್‌ಎಫ್ ಆಂಟೆನಾ ಬೇಕು. ಹಳೆಯ ಚಪ್ಪಟೆ ರಿಬ್ಬನ್ ವೈರನ್ನೂ ಬಿಡಿ, ಅದು 300 ಓಮ್‌ನದ್ದು. ಇಂದಿನ ಟ್ಯೂನರ್‌ಗೆ 75 ಓಮ್ ವೈರು.

ಅಮೆರಿಕದಿಂದ ವಾಪಸ್ ಬರ್ತಿದ್ದೀವಿ, ದೊಡ್ಡ ಟಿ.ವಿ. ತರೋಣ ಅಂತ. ಇಲ್ಲಿ ನಡೆಯುತ್ತಾ?

ಪರದೆಯಾಗಿ ನಡೆಯಬಹುದು, ಟ್ಯೂನರ್ ನಡೆಯದು. ಅಲ್ಲಿಯ ಟ್ಯೂನರ್ ಎಟಿಎಸ್‌ಸಿ ಕ್ರಮದ್ದು, 6 ಮೆಗಾಹರ್ಟ್ಸ್ ಚಾನೆಲ್‌ಗೆ ಮಾಡಿದ್ದು. ಇಲ್ಲಿಯ ಯಾವ ಪ್ರಸಾರವನ್ನೂ ಓದದು. ಮೊದಲು ಹಿಂಬದಿಯ ಚೀಟಿ ನೋಡಿ. 100–240 ವೋಲ್ಟ್ ಎಂದಿದ್ದರೆ ಸರಿ, ಬರೀ 120 ವೋಲ್ಟ್ ಎಂದಿದ್ದರೆ ಟ್ರಾನ್ಸ್‌ಫಾರ್ಮರ್ ಬೇಕು, ನೇರ ಚುಚ್ಚಿದರೆ ಸುಡುತ್ತದೆ. ಆಮೇಲೆ ಚಿತ್ರದ ವೇಗ. ನಮ್ಮ ಬಾಕ್ಸ್‌ಗಳು ಸೆಕೆಂಡಿಗೆ 50ರ ಲೆಕ್ಕದಲ್ಲಿ ಕಳಿಸುತ್ತವೆ, ಅಮೆರಿಕದ್ದು 60ರ ಲೆಕ್ಕ. ಎಚ್‌ಡಿಎಂಐನಲ್ಲಿ ಬಹಳ ಟಿ.ವಿ.ಗಳು 50ನ್ನೂ ಒಪ್ಪುತ್ತವೆ, ಕೆಲವು ಒಪ್ಪುವುದಿಲ್ಲ. ಆಗ ಬಾಕ್ಸಿನ ಮೆನುವಿನಲ್ಲಿ 60 ಇದ್ದರೆ ಬದಲಿಸಿ. ಎವಿ ವೈರಿನಲ್ಲಿ ಹಾಕಿದರೆ ಕಪ್ಪು-ಬಿಳುಪು ಬರುವುದು, ಚಿತ್ರ ಉರುಳುವುದು ಸಾಮಾನ್ಯ.

ಅಲ್ಲೇ ಇರುವ ಕನ್ನಡಿಗರಿಗೆ ಒಂದು ಮಾತು. ಅಲ್ಲಿ ಕಿಟಕಿಗೆ ಒಂದು ಚಿಕ್ಕ ಆಂಟೆನಾ ಇಟ್ಟರೆ ಸ್ಥಳೀಯ ವಾಹಿನಿಗಳೆಲ್ಲ ಎಚ್‌ಡಿಯಲ್ಲಿ ಪುಕ್ಕಟೆ. ಕೇಬಲ್ ಬಿಲ್ ಕಟ್ಟುವ ಮೊದಲು ಒಮ್ಮೆ ನೋಡಿ.

ಬೇರೆ ದೇಶಗಳಲ್ಲಿ ಅದೇ ಟವರ್‌ನಿಂದ ಡಿಜಿಟಲ್ ಕೊಟ್ಟರು. ನಮ್ಮಲ್ಲಿ ಟವರ್ ಬಿಟ್ಟು ಡಿಶ್ ಯಾಕೆ?

ಅಲ್ಲಿ ಆಂಟೆನಾ ನಂಬಿದ ಮನೆಗಳು ಕೋಟಿಗಟ್ಟಲೆ ಉಳಿದಿದ್ದವು. ಅಮೆರಿಕ ಮನೆಗೆ ಎರಡರಂತೆ 40 ಡಾಲರಿನ ಕೂಪನ್ ಹಂಚಿತು. ಕೂಪನ್ ದುಡ್ಡೇ ಸಾಲದೆ 2009ರ ಫೆಬ್ರವರಿ 17ರ ಗಡುವನ್ನು ಜೂನ್ 12ಕ್ಕೆ ಮುಂದೂಡಿತು. ಬ್ರಿಟನ್ 2007ರಿಂದ 2012ರವರೆಗೆ ಪ್ರದೇಶವಾರು ಬದಲಿಸಿತು. ಜಪಾನ್ 2011ರ ಜುಲೈ 24ಕ್ಕೆ ನಿಲ್ಲಿಸಿದರೂ ಸುನಾಮಿಗೆ ತುತ್ತಾದ ಮೂರು ಪ್ರಾಂತಗಳಿಗೆ 2012ರ ಮಾರ್ಚ್ ಕೊನೆಯವರೆಗೆ ಅವಕಾಶ ಕೊಟ್ಟಿತು.

ನಮ್ಮಲ್ಲಿ ಲೆಕ್ಕವೇ ಬೇರೆ. 10 ಕಿಲೋವಾಟ್‌ನ ದೊಡ್ಡ ಟ್ರಾನ್ಸ್‌ಮಿಟರ್ ನಗರದ ಸುತ್ತ ಮುಟ್ಟಿದರೆ, 100ರಿಂದ 500 ವಾಟ್‌ನ ಚಿಕ್ಕವು ಒಂದು ಪಟ್ಟಣ, ಅದರ ಸುತ್ತಲ ಹದಿನೈದು-ಇಪ್ಪತ್ತು ಕಿಲೋಮೀಟರ್ ಮುಟ್ಟುತ್ತಿದ್ದವು. ಗುಡ್ಡದ ಹಿಂದಿನ ಊರಿಗೆ ಅದೂ ಇಲ್ಲ. ಅಷ್ಟನ್ನೂ ಡಿಜಿಟಲ್ ಮಾಡಿ, ನೋಡುವವರಿಗೆ ಬಾಕ್ಸ್ ಕೊಡಿಸುವುದಕ್ಕಿಂತ ಒಂದು ಉಪಗ್ರಹದಿಂದ ಸೋಮವಾರಪೇಟೆಗೂ ಔರಾದಿಗೂ ಒಂದೇ ಚಿತ್ರ ಇಳಿಸುವುದು ಅಗ್ಗ. ಆದರೆ ನಗರದ ಬಾಡಿಗೆ ಮನೆಯವರಿಗೆ, ಆಗ್ನೇಯಕ್ಕೆ ಕಿಟಕಿಯಿಲ್ಲದ ಫ್ಲ್ಯಾಟಿನವರಿಗೆ ಡಿಶ್ ಉತ್ತರವಲ್ಲ. ಅವರಿಗೆ ಗೋಪುರದ ಡಿಜಿಟಲ್ಲೇ ಬೇಕಿತ್ತು, ಆ ಕೊರತೆ ಹಾಗೇ ಉಳಿದಿದೆ.

ಅಂದಹಾಗೆ ಕರ್ನಾಟಕಕ್ಕೆ ಡಿಶ್ ಹೊಸತಲ್ಲ. 1975ರ ಆಗಸ್ಟ್‌ನಿಂದ ಒಂದು ವರ್ಷ ನಡೆದ ಸೈಟ್ ಪ್ರಯೋಗದಲ್ಲಿ ದೇಶದ 2400 ಹಳ್ಳಿಗಳಿಗೆ ಉಪಗ್ರಹದಿಂದ ನೇರ ಟಿ.ವಿ. ಬಂತು. ವಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿದ್ದವು. ಕೋಳಿ ಗೂಡಿನ ಜಾಲರಿಯ ಹತ್ತು ಅಡಿ ಡಿಶ್ ಎದುರು ಊರಿಗೆ ಊರೇ ಕೂರುತ್ತಿತ್ತು. ಗುಲ್ಬರ್ಗದಲ್ಲಿ ಟ್ರಾನ್ಸ್‌ಮಿಟರ್ ಬಂದದ್ದು 1977ರಲ್ಲಿ, ಬೆಂಗಳೂರಿಗೆ 1981ರಲ್ಲಿ. ಆ ಹಳ್ಳಿಗಳು ಡಿಶ್ ನೋಡಿ ಆಮೇಲೆ ಆಂಟೆನಾ ಕಂಡವು.

ಟಿ.ವಿ. ಬಿಟ್ಟ ತರಂಗಾಂತರ ಯಾರ ಪಾಲಾಯ್ತು?

ಯುಎಚ್‌ಎಫ್ ಟಿ.ವಿ. ಪಟ್ಟಿ 470ರಿಂದ 806 ಮೆಗಾಹರ್ಟ್ಸ್‌ವರೆಗೆ ಚಾಚಿತ್ತು. ಅದರ ಮೇಲ್ತುದಿಯ 700 ಮೆಗಾಹರ್ಟ್ಸ್ ಭಾಗ ಮೊಬೈಲ್‌ಗೆ ಹೋಯಿತು. 2016, 2021ರ ಹರಾಜಿನಲ್ಲಿ ಬೆಲೆ ಜಾಸ್ತಿಯೆಂದು ಯಾರೂ ಕೊಳ್ಳಲಿಲ್ಲ, 2022ರಲ್ಲಿ ಜಿಯೋ ಕೊಂಡಿತು. ಟಿ.ವಿ.ಗೆ ಒಗ್ಗಿದ್ದ ಈ ಅಲೆಗಳು ಗೋಡೆ ತೂರಿ ಒಳಕೋಣೆಯವರೆಗೆ ಹೋಗುತ್ತವೆ, ಮೊಬೈಲ್ ಕಂಪನಿಗಳಿಗೆ ಅದಕ್ಕೇ ಅಕ್ಕರೆ.

ಇಂಟರ್ನೆಟ್ ಇಲ್ಲದೆ ಮೊಬೈಲ್‌ಗೇ ಟಿ.ವಿ. ಬರುತ್ತಂತೆ. ನನ್ನ ಈಗಿನ ಫೋನಲ್ಲಿ ಬರುತ್ತಾ?

ಬರುವುದಿಲ್ಲ. ಡಿ2ಎಂ (ಡೈರೆಕ್ಟ್ ಟು ಮೊಬೈಲ್) ಎಂದು ಕರೆಯುವ ಇದಕ್ಕೆ ಫೋನಿನೊಳಗೆ ಪ್ರಸಾರ ಹಿಡಿಯುವ ಬೇರೆ ಚಿಪ್ ಬೇಕು, ಮಾಮೂಲಿ ಫೋನುಗಳಲ್ಲಿ ಅದಿಲ್ಲ. ಪ್ರಸಾರ ಭಾರತಿ, ಐಐಟಿ ಕಾನ್ಪುರ ಮತ್ತು ಬೆಂಗಳೂರಿನ ಸಾಂಖ್ಯ ಲ್ಯಾಬ್ಸ್ ಸೇರಿ ಎಟಿಎಸ್‌ಸಿ 3.0 ಕ್ರಮದಲ್ಲಿ ಪ್ರಯೋಗ ನಡೆಸಿವೆ, ಬೆಂಗಳೂರಲ್ಲೂ ನಡೆದಿದೆ. ಒಂದು ಗೋಪುರದಿಂದ ಹೊರಟ ಅಲೆಯನ್ನು ನೂರು ಜನ ನೋಡಿದರೂ ಲಕ್ಷ ಜನ ನೋಡಿದರೂ ಭಾರ ಒಂದೇ, ಡೇಟಾ ಖರ್ಚಿಲ್ಲ. ಈ ಆಸೆಗೆ ಮೊಬೈಲ್ ಕಂಪನಿಗಳ ಆಕ್ಷೇಪವೂ ಇದೆ. ಯಾರಾದರೂ ಆ್ಯಪ್ ಹಾಕಿಕೊಟ್ಟು "ಡಿ2ಎಂ ಚಾಲೂ ಮಾಡ್ತೀವಿ" ಎಂದು ದುಡ್ಡು ಕೇಳಿದರೆ ಕೊಡಬೇಡಿ. ಚಿಪ್ ಇಲ್ಲದ ಫೋನಿಗೆ ಆ್ಯಪ್‌ನಿಂದ ಅದು ಬರುವಂಥದ್ದಲ್ಲ.